ಡ್ರೈ ಹಾಪಿಂಗ್ ಮಾಡಿದ ಮೇಲೆ ಬಿಯರ್ ಮತ್ತೆ ಹುದುಗತೊಡಗಿದಾಗ

ಬಾಟಲಿಗಳಿಗೆ ಮುಚ್ಚಳ ಒತ್ತಿ, ಗ್ಯಾಸ್ ಕಟ್ಟುವವರೆಗೆ ಕಾದು, ಮೊದಲ ಬಾಟಲಿ ತೆರೆದು ಕುಡಿದದ್ದೂ ಆಯಿತು. ಬಿಯರ್ ಚೆನ್ನಾಗಿ ಬಂದಿದೆ. ಆದರೆ ನಡುವೆ ಒಂದು ಹಂತದಲ್ಲಿ, ಫರ್ಮೆಂಟರ್ (ಬಿಯರ್ ಹುದುಗುವ ಪಾತ್ರೆ) ಒಳಗೆ ಏನು ನಡೆಯುತ್ತಿದೆ ಎಂದೇ ತಿಳಿಯದೆ ತುಂಬ ಆತಂಕಪಟ್ಟೆ. ರೆಸಿಪಿಗಳಲ್ಲಿ ಡ್ರೈ ಹಾಪಿಂಗ್ ಎಂದರೆ ಒಂದೇ ಸಾಲು: ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂವು) ಹಾಕಿ, ಮೂರು-ನಾಲ್ಕು ದಿನ ಬಿಡಿ, ಬಾಟಲಿಗೆ ತುಂಬಿ. ಆ ಸಾಲನ್ನು ನಂಬಿ ದಿನ ಲೆಕ್ಕ ಹಾಕಿ ತುಂಬಿದರೆ ಬಾಟಲಿ ಸಿಡಿಯುವ ಸಾಧ್ಯತೆಯೂ ಇದೆ ಎಂದು ಅಲ್ಲಿ ಯಾರೂ ಬರೆದಿರಲಿಲ್ಲ. ಅದಕ್ಕೇ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಎಲ್ಲವನ್ನೂ ಕ್ರಮವಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಬಿಯರ್ ಮಾಡಲು ಕೆಲವು ಕಡೆ ಕಾನೂನಿನ ಅನುಮತಿ ಇದೆ, ಕೆಲವು ಕಡೆ ಇಲ್ಲ. ನೀವಿರುವಲ್ಲಿ ಹೇಗಿದೆ ಎಂದು ತಿಳಿದುಕೊಂಡ ಮೇಲೆಯೇ ಕೈಹಾಕಿ.

ಹೊಸಬರಿಗಾಗಿ ಒಂದು ಮಾತು. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿ ರಸವನ್ನು, ಅಂದರೆ ವರ್ಟನ್ನು, ಕುದಿಸುವಾಗ ಹಾಕುವ ಹಾಪ್ಸ್ ಕಹಿ ಕೊಡುತ್ತದೆ. ಅದರಲ್ಲಿರುವ ಆಲ್ಫಾ ಆಸಿಡ್‌ಗಳು ಕುದಿಯಲ್ಲಿ ರೂಪ ಬದಲಿಸಿ ಬಿಯರ್‌ನಲ್ಲಿ ಕರಗುತ್ತವೆ. ಆದರೆ ಪರಿಮಳ ಇರುವುದು ಹಾಪ್ಸ್‌ನ ಎಣ್ಣೆಯಲ್ಲಿ. ಮಿರ್ಸೀನ್, ಲಿನಲೂಲ್, ಜೆರಾನಿಯೋಲ್ ಮುಂತಾದ ಆ ಎಣ್ಣೆಯ ಅಂಶಗಳು ಕುದಿಯುವ ಹಬೆಯ ಜೊತೆ ಹಾರಿಹೋಗುತ್ತವೆ. ಮೊದಲು ಹೋಗುವುದು ಮಿರ್ಸೀನ್. ಪರಿಮಳ ಉಳಿಯಬೇಕಾದರೆ ಕುದಿ ಮುಗಿದು, ವರ್ಟ್ ತಣಿದು, ಯೀಸ್ಟ್ ತನ್ನ ಕೆಲಸ ಬಹುಮಟ್ಟಿಗೆ ಮುಗಿಸಿದ ಮೇಲೆ ಹಾಪ್ಸ್ ಹಾಕಬೇಕು. ಅದೇ ಡ್ರೈ ಹಾಪಿಂಗ್. ಇಂಗ್ಲೆಂಡಿನಲ್ಲಿ ಪೀಪಾಯಿಗಳಿಗೆ ನೇರವಾಗಿ ಹಾಪ್ಸ್ ಹಾಕುವ ಪದ್ಧತಿ ಬಹಳ ಹಳೆಯದು. ಈಗಿನ ಅಮೆರಿಕನ್ ಶೈಲಿಯ ಏಲ್ ಬಗೆಯ ಬಿಯರ್‌ಗಳಿಗೆ ದಾರಿ ತೋರಿಸಿದ್ದು 1972ರಲ್ಲಿ ಹೊರಬಂದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ ಮತ್ತು ಅದನ್ನು ಡ್ರೈ ಹಾಪ್ ಮಾಡಿ 1975ರಲ್ಲಿ ತಯಾರಿಸಿದ ಆ್ಯಂಕರ್ ಲಿಬರ್ಟಿ ಏಲ್.

ನಾನು ಮಾಡಿದ್ದು 20 ಲೀಟರಿನ ಪೇಲ್ ಏಲ್. ಶುರುವಿನ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದರೆ ದ್ರವದ ಸಾಂದ್ರತೆ, 1.052. ಯೀಸ್ಟ್ ಸಕ್ಕರೆ ತಿಂದಷ್ಟೂ ಇದು ಇಳಿಯುತ್ತದೆ. ಕುದಿಸಿದ್ದು, ತಣಿಸಿದ್ದು, ಯೀಸ್ಟ್ ಹಾಕಿದ್ದು ಯಾವ ತೊಂದರೆಯೂ ಇಲ್ಲದೆ ನಡೆಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಏರ್‌ಲಾಕ್ (ಗ್ಯಾಸನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ನೀರಿನ ಕವಾಟ) ಮೊದಮೊದಲು ಬಿರುಸಾಗಿ, ಆಮೇಲೆ ನಿಧಾನವಾಗಿ ಗುಳುಗುಳು ಎಂದು ಕೊನೆಗೆ ಸುಮ್ಮನಾಯಿತು. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ 1.012 ತೋರಿಸಿತು. ಒಂದು ದಿನ ಬಿಟ್ಟು ಮತ್ತೆ ನೋಡಿದಾಗಲೂ ಅಷ್ಟೇ ಇತ್ತು. ರೆಸಿಪಿ ಹೇಳಿದ್ದೂ ಅದೇ ಅಂಕಿ. ಹಾಪ್ಸ್ ಹಾಕುವ ಸಮಯ ಬಂತು ಎಂದುಕೊಂಡೆ.

ಹಾಪ್ಸ್ ಕೊಳ್ಳುವಾಗ ಪ್ಯಾಕೆಟ್ಟಿನ ಲೇಬಲ್ಲನ್ನು ಪೂರ್ತಿ ಓದಿ. ತಳಿಯ ಹೆಸರಿನ ಜೊತೆ ಆಲ್ಫಾ ಆಸಿಡ್ ಎಷ್ಟು ಶೇಕಡಾ, ಕೊಯ್ಲಿನ ವರ್ಷ ಯಾವುದು ಎಂದು ಇರುತ್ತದೆ. ಡ್ರೈ ಹಾಪಿಂಗ್‌ಗೆ ಆಲ್ಫಾ ಅಂಕಿಗಿಂತ ಕೊಯ್ಲಿನ ವರ್ಷವೇ ಮುಖ್ಯ. ಹಳೆಯದಾದ, ಗಾಳಿ ತಾಗಿದ ಹಾಪ್ಸ್‌ನಿಂದ ಹಳಸಿದ ಚೀಸಿನ ವಾಸನೆ ಬರುತ್ತದೆ, ಅದು ಹಾಗೇ ಬಿಯರಿಗೂ ಇಳಿಯುತ್ತದೆ. ಗಾಳಿ ತೆಗೆದು ಸೀಲ್ ಮಾಡಿದ ಫಾಯಿಲ್ ಪ್ಯಾಕೆಟ್ ಕೊಂಡು, ಬಳಸುವವರೆಗೂ ಫ್ರೀಜರ್‌ನಲ್ಲಿಡಿ. ಒಡೆದ ಪ್ಯಾಕೆಟ್ಟಿನಲ್ಲಿ ಉಳಿದದ್ದನ್ನು ಗಾಳಿ ಹಿಂಡಿ ತೆಗೆದು ಮತ್ತೆ ಫ್ರೀಜರ್‌ಗೇ ಸೇರಿಸಿ. ಈ ಇಡೀ ಕೆಲಸದಲ್ಲಿ ಹೆಚ್ಚು ಖರ್ಚು ಬರುವುದು ಹಾಪ್ಸ್‌ಗೇ. ಮಾಲ್ಟಿಗಿಂತ ಅದೇ ದುಬಾರಿಯಾದರೂ ಆಶ್ಚರ್ಯವಿಲ್ಲ. ಆದ್ದರಿಂದ ಎಷ್ಟು ಬೇಕೋ ಅಷ್ಟನ್ನೇ ಲೆಕ್ಕ ಹಾಕಿ ಕೊಳ್ಳಿ.

ಎಷ್ಟು ಬೇಕು ಎಂಬುದರ ಮೇಲೆ ಒಬ್ಬೊಬ್ಬರದು ಒಂದೊಂದು ಮಾತು. ಹದವಾದ ಪೇಲ್ ಏಲ್‌ಗೆ ಲೀಟರಿಗೆ 2ರಿಂದ 4 ಗ್ರಾಂ ಸಾಕು ಎನ್ನುವವರಿದ್ದಾರೆ. ಮಬ್ಬು ಬಣ್ಣದ ಐಪಿಎಗಳಿಗೆ (ಹಾಪ್ಸ್ ಹೆಚ್ಚಿರುವ ಏಲ್) ಲೀಟರಿಗೆ 15 ಗ್ರಾಂ ಸುರಿಯುವವರೂ ಇದ್ದಾರೆ. ಓರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸ್ಕಾಟ್ ಲಾಫೊಂಟೇನ್ ಮತ್ತು ಥಾಮಸ್ ಶೆಲ್‌ಹ್ಯಾಮರ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಉಪಯೋಗಕ್ಕೆ ಬಂತು. ಕ್ಯಾಸ್ಕೇಡ್ ಹಾಪ್ಸ್ ಬಳಸಿ ಪರೀಕ್ಷಿಸಿದಾಗ, ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಪರಿಮಳ ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ, ಅದರ ಗುಣವೂ ನಿಂಬೆಹಣ್ಣಿನ ಕಡೆಯಿಂದ ಸೊಪ್ಪಿನ ಕಡೆಗೆ ವಾಲಿತು. ನಾನು ಲೀಟರಿಗೆ 6 ಗ್ರಾಂ ಎಂದು ತೀರ್ಮಾನಿಸಿದೆ. 70 ಗ್ರಾಂ ಸಿಟ್ರಾ, 50 ಗ್ರಾಂ ಮೊಸಾಯಿಕ್, ಎರಡೂ ತಳಿ ಪೆಲೆಟ್ ರೂಪದಲ್ಲಿ, ಅಂದರೆ ಪುಡಿ ಮಾಡಿ ಒತ್ತಿದ ಗುಳಿಗೆಗಳಾಗಿ. ಇಡಿಯ ಹೂವಿನ ಹಾಪ್ಸ್ ನೋಡಲು ಚೆಂದ, ಆದರೆ ಮೇಲೆಯೇ ತೇಲುತ್ತದೆ, ಬಿಯರನ್ನೂ ಹೆಚ್ಚು ಹೀರುತ್ತದೆ. ಮನೆಯ ಅಳತೆಗೆ ಪೆಲೆಟ್ಟೇ ಸರಿ ಎಂದು ನನ್ನ ಅಭಿಪ್ರಾಯ.

ಹಾಪ್ಸ್ ತೊಳೆಯಬೇಕೆ, ಕುದಿಸಬೇಕೆ ಎಂಬ ಭಯ ಬೇಡ. ಬಿಯರ್‌ನಲ್ಲಿ ಅಷ್ಟು ಹೊತ್ತಿಗೆ ಆಲ್ಕೋಹಾಲ್ ಇರುತ್ತದೆ, ಪಿಎಚ್ ಕೆಳಗಿರುತ್ತದೆ, ಹಾಪ್ಸ್‌ಗೂ ಅನೇಕ ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣವಿದೆ. ಆದರೆ ಹಾಪ್ಸ್ ಜೊತೆ ಒಳಗೆ ಹೋಗುವ ಬೇರೆಲ್ಲವನ್ನೂ, ಅಂದರೆ ಚೀಲ, ದಾರ, ತೂಕದ ಗೋಲಿ, ಕತ್ತರಿ, ಕೊನೆಗೆ ಪ್ಯಾಕೆಟ್ಟಿನ ಹೊರಮೈಯನ್ನೂ ಸ್ಯಾನಿಟೈಸರ್‌ನಲ್ಲಿ ಅದ್ದಿ ತೆಗೆಯಬೇಕು. ಚೀಲಕ್ಕೆ ತುಂಬುವುದೋ ಹಾಗೇ ಸುರಿಯುವುದೋ ಎಂಬುದು ಇನ್ನೊಂದು ಪ್ರಶ್ನೆ. ಚೀಲದಲ್ಲಿಟ್ಟರೆ ಕೊನೆಯಲ್ಲಿ ಎತ್ತಿ ತೆಗೆಯುವುದು ಸುಲಭ. ಆದರೆ ಪೆಲೆಟ್‌ಗಳು ನೆನೆದು ಹಲವು ಪಟ್ಟು ಉಬ್ಬುತ್ತವೆ. ಚೀಲ ಬಿಗಿಯಾಗಿದ್ದರೆ ನಡುವಿನ ಹಾಪ್ಸ್‌ಗೆ ಬಿಯರ್ ತಾಗುವುದೇ ಇಲ್ಲ. ನಾನು ಚೀಲ ಬಿಟ್ಟು ನೇರವಾಗಿ ಸುರಿಯಲು ನಿರ್ಧರಿಸಿದೆ.

ಪ್ಯಾಕೆಟ್ ಕತ್ತರಿಸಿದ ಕ್ಷಣವೇ ಕೋಣೆಯ ತುಂಬ ಮಾವು, ಕಿತ್ತಳೆ ಸಿಪ್ಪೆ, ಪೈನ್ ಮರದ ಅಂಟು ಎಲ್ಲ ಬೆರೆತ ವಾಸನೆ. ಬೆರಳಲ್ಲಿ ಒಂದು ಪೆಲೆಟ್ ಪುಡಿ ಮಾಡಿದರೆ ಚರ್ಮಕ್ಕೆ ಹಳದಿ ಜಿಡ್ಡು ಹತ್ತುತ್ತದೆ, ಸೋಪು ಹಾಕಿದರೂ ಬೇಗ ಹೋಗುವುದಿಲ್ಲ. ಮುಚ್ಚಳ ತೆರೆದು ಮೊದಲು ಒಂದು ಚಿಟಿಕೆಯಷ್ಟನ್ನೇ ಹಾಕಿದೆ. ಇದಕ್ಕೆ ಕಾರಣವಿದೆ. ಹುದುಗಿದ ಬಿಯರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿ ಕೂತಿರುತ್ತದೆ. ಪೆಲೆಟ್ಟಿನ ಒರಟು ಮೈ ತಾಗಿದೊಡನೆ ಗುಳ್ಳೆಯಾಗಿ ಒಮ್ಮೆಲೇ ಮೇಲೇಳುತ್ತದೆ. ಫರ್ಮೆಂಟರ್ ಕಂಠಮಟ್ಟ ತುಂಬಿದ್ದರೆ ಹಸಿರು ನೊರೆ ಉಕ್ಕಿ ನೆಲಕ್ಕೆ ಬರುತ್ತದೆ. ನನ್ನದರಲ್ಲಿ ಮೇಲೆ ಬೇಕಾದಷ್ಟು ಜಾಗವಿತ್ತು. ಆದರೂ ಆ ಚಿಟಿಕೆಗೇ ನೊರೆ ಸರ್ರನೆ ಎದ್ದು, ಕೆಲವು ಕ್ಷಣ ಸದ್ದು ಮಾಡಿ ಇಳಿಯಿತು. ಮಿಕ್ಕಿದ್ದನ್ನು ಕಂತುಕಂತಾಗಿ ಹಾಕಿದೆ. ಪೆಲೆಟ್‌ಗಳು ಬಿಯರ್ ಮುಟ್ಟಿದ ಕೂಡಲೇ ಅಂಚು ಬಿರಿದು, ಪುಡಿಪುಡಿಯಾಗಿ ಹರಡಿ, ಮೇಲ್ಮೈ ಪೂರ್ತಿ ಹಸಿರು ಕಂಬಳಿಯಂತಾಯಿತು.

ಇಲ್ಲಿ ಕೈ ಚುರುಕಾಗಿರಬೇಕು. ಕಾರ್ಬನ್ ಡೈಆಕ್ಸೈಡ್ ಭಾರವಾದ್ದರಿಂದ ಬಿಯರ್ ಮೇಲೆ ಹೊದ್ದುಕೊಂಡಿರುತ್ತದೆ, ಗಾಳಿ ಬರುವುದಿಲ್ಲ ಎಂಬ ಮಾತನ್ನು ನಂಬಿ ಮುಚ್ಚಳ ತೆರೆದಿಟ್ಟು ನಿಲ್ಲಬೇಡಿ. ಮುಚ್ಚಳ ತೆರೆದಾಗ ಗಾಳಿ ಒಳನುಗ್ಗಿ ಬೆರೆಯುತ್ತದೆ. ಹಾಪ್ಸ್ ಹೆಚ್ಚಿರುವ ಬಿಯರಿಗೆ ಆಮ್ಲಜನಕದಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಹೊಂಬಣ್ಣದ ಬಿಯರ್ ಕಂದಾಗುತ್ತದೆ, ಹಣ್ಣಿನ ಪರಿಮಳ ಹೋಗಿ ಒದ್ದೆ ರಟ್ಟಿನ ವಾಸನೆ ಉಳಿಯುತ್ತದೆ. ಕಲಕುವುದೂ ಬೇಡ. ಹಾಪ್ಸ್ ತಾನಾಗಿಯೇ ನೆನೆದು ಇಳಿಯುತ್ತದೆ. ಮುಚ್ಚಿ, ಏರ್‌ಲಾಕ್ ಹಾಕಿ, 18 ಡಿಗ್ರಿಯಲ್ಲಿ ಬಿಟ್ಟೆ.

ಮರುದಿನ ಏರ್‌ಲಾಕ್‌ನಲ್ಲಿ ಗುಳ್ಳೆ ಕಂಡಾಗ ಚಿಂತೆಯಾಗಲಿಲ್ಲ. ಹಾಪ್ಸ್ ಬಿದ್ದಿದ್ದರಿಂದ ಕರಗಿದ ಗ್ಯಾಸ್ ಹೊರಬರುತ್ತಿದೆ ಎಂದುಕೊಂಡೆ. ಆದರೆ ಅದರ ಮಾರನೆಯ ದಿನವೂ ನಿಲ್ಲಲಿಲ್ಲ, ಇನ್ನಷ್ಟು ಜೋರಾಯಿತು. ಮುಗಿದುಹೋಗಿದ್ದ ಹುದುಗುವಿಕೆ ಮತ್ತೆ ಹೇಗೆ ಶುರುವಾಯಿತು? ಏನೋ ಸೋಂಕು ತಗುಲಿದೆ, 20 ಲೀಟರ್ ಬಿಯರ್ ಚರಂಡಿಗೆ ಹೋಗುತ್ತದೆ ಎಂಬ ಹೆದರಿಕೆಯಲ್ಲಿ ಆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ಬಹಳ ವರ್ಷಗಳಿಂದ ಬಿಯರ್ ಮಾಡುತ್ತಿರುವ ಗೆಳೆಯನಿಗೆ ಫೋನ್ ಮಾಡಿದೆ. "ಗುಳ್ಳೆ ಎಣಿಸ್ತಾ ಕೂರಬೇಡ, ಗ್ರಾವಿಟಿ ನೋಡು. ಮೇಲೆ ಬಿಳಿ ಪೊರೆ ಇದೆಯಾ? ಹುಳಿ ವಾಸನೆ ಬರ್ತಿದೆಯಾ?" ಎಂದ. ಎರಡೂ ಇರಲಿಲ್ಲ. "ಹಾಗಾದ್ರೆ ಅದು ಹಾಪ್ ಕ್ರೀಪ್. ಅದು ಮುಗಿಯೋವರೆಗೆ ಬಾಟಲಿ ಮುಟ್ಟಬೇಡ" ಎಂದ.

ಮಾದರಿ ತೆಗೆದು ನೋಡಿದೆ. ಹೈಡ್ರೋಮೀಟರ್ ಕೊಳವೆಯಲ್ಲಿ ಹಸಿರು ಚೂರುಗಳು ಮೇಲೆ ಕೆಳಗೆ ಓಡಾಡುತ್ತಿದ್ದವು. ಗುಳ್ಳೆಗಳು ಹೈಡ್ರೋಮೀಟರಿನ ಗಾಜಿಗೆ ಅಂಟಿ ಅದನ್ನು ಮೇಲಕ್ಕೆತ್ತಿದರೆ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅದಕ್ಕೇ ಮಾದರಿಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಸುರಿದು ಗ್ಯಾಸ್ ಕಳೆದು, ಹೈಡ್ರೋಮೀಟರನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ಬಿಟ್ಟೆ. 1.010. ಎರಡು ಪಾಯಿಂಟ್ ಇಳಿದಿತ್ತು.

ಹಾಪ್ ಕ್ರೀಪ್, ಅಂದರೆ ಹಾಪ್ಸ್ ಹಾಕಿದ ಮೇಲೆ ಮತ್ತೆ ಶುರುವಾಗುವ ಈ ಹುದುಗುವಿಕೆ, ಹೇಗಾಗುತ್ತದೆ ಎಂದು ತಿಳಿದ ಮೇಲೆ ಅರ್ಧ ಹೆದರಿಕೆ ಹೋಯಿತು. ಹಾಪ್ಸ್‌ನಲ್ಲಿ ಅಲ್ಪ ಪ್ರಮಾಣದಲ್ಲಿ ಕಿಣ್ವಗಳಿವೆ, ಮಾಲ್ಟಿನಲ್ಲಿರುವ ಅಮೈಲೇಸ್‌ನಂಥವೇ. ಕುದಿಯುವ ವರ್ಟಿಗೆ ಹಾಕಿದಾಗ ಬಿಸಿಗೆ ಅವು ನಾಶವಾಗುತ್ತವೆ. ಡ್ರೈ ಹಾಪಿಂಗ್‌ನಲ್ಲಿ ಬಿಸಿ ಇಲ್ಲ, ಹಾಗಾಗಿ ಉಳಿದುಕೊಳ್ಳುತ್ತವೆ. ಯೀಸ್ಟಿಗೆ ತಿನ್ನಲಾಗದೆ ಬಿಯರ್‌ನಲ್ಲಿ ಉಳಿದ ಡೆಕ್ಸ್‌ಟ್ರಿನ್‌ಗಳನ್ನು ಈ ಕಿಣ್ವಗಳು ನಿಧಾನವಾಗಿ ಸಣ್ಣ ಸಕ್ಕರೆಗಳಾಗಿ ಕತ್ತರಿಸುತ್ತವೆ. ತಳದಲ್ಲಿ ಕೂತಿದ್ದ ಯೀಸ್ಟಿಗೆ ಮತ್ತೆ ಆಹಾರ ಸಿಗುತ್ತದೆ. ಹೊಸ ಸಂಗತಿಯೇನಲ್ಲ ಇದು. ಹೊರೇಸ್ ಬ್ರೌನ್ ಮತ್ತು ಮಾರಿಸ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು 1893ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ಹಾಪ್ಸನ್ನು ಧಾರಾಳವಾಗಿ ಸುರಿಯುವ ಬಿಯರ್‌ಗಳು ಹೆಚ್ಚಾದ ಮೇಲೆ ಬ್ರೂವರಿಗಳಿಗೂ ಇದು ತಲೆನೋವಾಗಿ ಮತ್ತೆ ಸಂಶೋಧನೆ ಶುರುವಾಯಿತು.

ಬಾಟಲಿಗೆ ತುಂಬುವವರು ಈ ಲೆಕ್ಕ ತಪ್ಪದೆ ನೋಡಬೇಕು. ಗ್ರಾವಿಟಿ ಒಂದು ಪಾಯಿಂಟ್ ಇಳಿದರೆ, ಅಂದರೆ 0.001 ಕಡಿಮೆಯಾದರೆ, ಸುಮಾರು ಅರ್ಧ ವಾಲ್ಯೂಮ್ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ (ಒಂದು ವಾಲ್ಯೂಮ್ ಎಂದರೆ ಒಂದು ಲೀಟರ್ ಬಿಯರಿಗೆ ಒಂದು ಲೀಟರ್ ಗ್ಯಾಸ್). ನನ್ನ ಬಿಯರ್ ಕೊನೆಗೆ ನಿಂತದ್ದು 1.008ರಲ್ಲಿ. 1.012ರಿಂದ ಅಲ್ಲಿಗೆ ನಾಲ್ಕು ಪಾಯಿಂಟ್, ಅಂದರೆ ಹತ್ತಿರಹತ್ತಿರ 2 ವಾಲ್ಯೂಮ್. ಹೆಚ್ಚು ಇಳಿಯುವ ಮೊದಲೇ ಗ್ಯಾಸ್ ಕಟ್ಟಲೆಂದು ಸಕ್ಕರೆ ಸೇರಿಸಿ ತುಂಬಿದ್ದರೆ, ಬೇಕಾಗಿದ್ದ 2.4ರ ಮೇಲೆ ಅದೂ ಸೇರಿ ಬಾಟಲಿಯೊಳಗೆ 4 ದಾಟುತ್ತಿತ್ತು. ಸಾಮಾನ್ಯ ಬಿಯರ್ ಬಾಟಲಿಯಲ್ಲಿ 3 ವಾಲ್ಯೂಮ್ ದಾಟಿಸುವುದೇ ಅಪಾಯ. ಮುಚ್ಚಳ ಹಾರಿದರೆ ಪರವಾಗಿಲ್ಲ, ಗಾಜು ಒಡೆದು ಮುಖಕ್ಕೆ ಬಡಿದರೆ ಕಣ್ಣು ಹೋಗುತ್ತದೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಹೀಗೆ ಕಾಯುವುದು ಶುರುವಾಯಿತು. ದಿನಕ್ಕೊಮ್ಮೆ ನೋಡಬೇಕೆನಿಸಿದರೂ, ಪ್ರತಿ ಸಲ ಮುಚ್ಚಳ ತೆರೆದರೆ ಗಾಳಿ ಹೋಗುತ್ತದೆ. ತಳದಲ್ಲಿ ನಲ್ಲಿ ಇರುವ ಫರ್ಮೆಂಟರ್ ಆಗಿದ್ದರಿಂದ ನನಗೆ ಅನುಕೂಲವಾಯಿತು. ನಿಮ್ಮದರಲ್ಲಿ ನಲ್ಲಿ ಇಲ್ಲದಿದ್ದರೆ ಎರಡು-ಮೂರು ದಿನಕ್ಕೊಮ್ಮೆ ನೋಡಿದರೆ ಸಾಕು. ಈ ಹಂತದಲ್ಲಿ ಉಷ್ಣತೆಯನ್ನು 20 ಡಿಗ್ರಿಗೆ ಏರಿಸಿದೆ, ಯೀಸ್ಟ್ ಚುರುಕಾಗಿ ಕೆಲಸ ಮುಗಿಸಲಿ ಎಂದು. ಹಾಪ್ಸ್ ಹೆಚ್ಚು ಕಾಲ ಇದ್ದರೆ ಹುಲ್ಲಿನ ರುಚಿ ಬರುತ್ತದೆ ಎಂಬ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಎಣ್ಣೆಯ ಪರಿಮಳ ಬಿಯರಿಗೆ ಇಳಿಯುವುದು ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ. ಆಮೇಲೆ ಹಾಪ್ಸ್ ಅಲ್ಲಿರುವುದರಿಂದ ದೊಡ್ಡ ಲಾಭವೇನೂ ಇಲ್ಲ ಎಂಬುದು ನಿಜ. ಆದರೆ ಸಿಡಿಯುವ ಬಾಟಲಿಗಿಂತ ಸ್ವಲ್ಪ ಸೊಪ್ಪಿನ ವಾಸನೆ ಮೇಲು ಎಂದು ಗಟ್ಟಿಮನಸ್ಸು ಮಾಡಿದೆ. ಚೀಲದಲ್ಲಿ ಹಾಕಿದವರಿಗೆ ಇಲ್ಲೊಂದು ಅನುಕೂಲವಿದೆ, ಚೀಲ ತೆಗೆದುಬಿಟ್ಟು ಕಾಯಬಹುದು. ಕಿಣ್ವಗಳು ಮಾತ್ರ ಆಗಲೇ ಬಿಯರಿಗೆ ಇಳಿದಿರುತ್ತವೆ. ಚೀಲ ತೆಗೆದ ಮಾತ್ರಕ್ಕೆ ಕ್ರೀಪ್ ನಿಲ್ಲುತ್ತದೆ ಎಂದುಕೊಳ್ಳಬೇಡಿ.

ಗ್ರಾವಿಟಿ 1.009ಕ್ಕೆ ಬಂದಾಗ ಇನ್ನೊಂದು ಅಡ್ಡಿ. ಮಾದರಿ ಮೂಸಿದರೆ ಹಣ್ಣಿನ ಪರಿಮಳದ ಅಡಿಯಲ್ಲಿ ಬೆಣ್ಣೆಯ ವಾಸನೆ, ಸಿನಿಮಾ ಮಂದಿರದ ಪಾಪ್‌ಕಾರ್ನಿನದು. ಇದು ಡೈಅಸಿಟೈಲ್. ಯೀಸ್ಟ್ ಮತ್ತೆ ಸಕ್ಕರೆ ತಿನ್ನತೊಡಗಿದಾಗ ಇದರ ಮೂಲವಸ್ತುವನ್ನೂ ಹೊರಬಿಡುತ್ತದೆ. ಅದು ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ. ಒಳ್ಳೆಯ ಸುದ್ದಿಯೆಂದರೆ ಯೀಸ್ಟೇ ಅದನ್ನು ಮತ್ತೆ ಹೀರಿ ಇಲ್ಲವಾಗಿಸುತ್ತದೆ, ಬೆಚ್ಚಗಿಟ್ಟು ಸಮಯ ಕೊಟ್ಟರೆ. ಈ ಹೊತ್ತಿನಲ್ಲಿ ಅವಸರಪಟ್ಟು ಬಿಯರನ್ನು ತಣ್ಣಗೆ ಮಾಡಿದರೆ ಯೀಸ್ಟ್ ಮಲಗಿಬಿಡುತ್ತದೆ, ಬೆಣ್ಣೆ ಬಾಟಲಿಗೂ ಬರುತ್ತದೆ.

ಮೂಗಿಗೆ ಬರದಷ್ಟು ಕಡಿಮೆಯಾದ ಮೇಲೂ ಮೂಲವಸ್ತು ಒಳಗೆ ಅಡಗಿರಬಹುದು. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಎರಡು ಚಿಕ್ಕ ಗಾಜಿನ ಪಾತ್ರೆಗಳಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದುಕೊಂಡು ಮುಚ್ಚಿ. ಒಂದನ್ನು ಸುಮಾರು 60 ಡಿಗ್ರಿಯ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ, ಇನ್ನೊಂದನ್ನು ಹಾಗೇ ಬಿಡಿ. ಬಿಸಿ ಮಾಡಿದ್ದನ್ನು ತಣಿಸಿ ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಇನ್ನೂ ಕಾಯಬೇಕು ಎಂದರ್ಥ. ನನ್ನದು ಮೊದಲ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ತುಂಬ ಬೇಸರವಾಯಿತು, ಬಾಟಲಿಗಳನ್ನು ಆಗಲೇ ತೊಳೆದು ಸಾಲಾಗಿ ಜೋಡಿಸಿಟ್ಟಿದ್ದೆ. ಮತ್ತೆ ಕಾದು, ಮತ್ತೆ ಪರೀಕ್ಷಿಸಿ, ಎರಡರಲ್ಲೂ ಹಣ್ಣಿನ ವಾಸನೆ ಮಾತ್ರ ಉಳಿದು, ಗ್ರಾವಿಟಿಯೂ 1.008ರಲ್ಲೇ ಅಲ್ಲಾಡದೆ ನಿಂತಾಗ ಎದೆಯ ಭಾರ ಇಳಿಯಿತು. ಹೀಗೆ ಇಳಿದದ್ದರಿಂದ ಆಲ್ಕೋಹಾಲ್ ಸುಮಾರು ಶೇಕಡಾ 5.3ರಿಂದ 5.8ಕ್ಕೆ ಏರಿತು. ಲೇಬಲ್ ಬರೆಯುವವರು ಹಳೆಯ ಅಂಕಿ ಬರೆಯಬೇಡಿ.

ಆಮೇಲಿನದು ಕೋಲ್ಡ್ ಕ್ರ್ಯಾಶ್. ಫರ್ಮೆಂಟರನ್ನು ಫ್ರಿಜ್‌ಗೆ ಇಳಿಸಿ 3 ಡಿಗ್ರಿಗೆ ತಂದರೆ ತೇಲುತ್ತಿದ್ದ ಹಾಪ್ಸ್ ಚೂರು ತಳ ಸೇರುತ್ತದೆ. ಬಿಯರ್ ತಣ್ಣಗಾಗುವಾಗ ಒಳಗಿನ ಗ್ಯಾಸ್ ಕುಗ್ಗಿ, ಒಂದಿಷ್ಟು ಬಿಯರಿನಲ್ಲೂ ಕರಗಿ, ಏರ್‌ಲಾಕ್ ಮೂಲಕ ಹೊರಗಿನ ಗಾಳಿಯನ್ನು, ಕೆಲವೊಮ್ಮೆ ಅದರಲ್ಲಿರುವ ನೀರನ್ನೂ, ಒಳಗೆಳೆಯುತ್ತದೆ. ಹುದುಗುವಿಕೆ ಜೋರಾಗಿದ್ದಾಗಲೇ ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಒಂದು ಫಾಯಿಲ್ ಬಲೂನಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. ಏರ್‌ಲಾಕ್ ತೆಗೆದು ಅದನ್ನು ಸಿಕ್ಕಿಸಿದೆ. ರಾತ್ರಿ ಉಬ್ಬಿದ್ದ ಬಲೂನು ಬೆಳಗ್ಗೆ ಸೊರಗಿ ಜೋತುಬಿದ್ದಿತ್ತು. ಅಷ್ಟು ಗಾಳಿ ಬಿಯರಿಗೆ ಹೋಗುವುದು ತಪ್ಪಿತು.

ಸೈಫನ್ ಮಾಡುವಾಗ ಕೊಳವೆಯ ತುದಿಗೆ ಸ್ಯಾನಿಟೈಸ್ ಮಾಡಿದ ಬಲೆಚೀಲ ಕಟ್ಟಿದ್ದೆ. ಆದರೂ ಕೊನೆಕೊನೆಗೆ ಹಾಪ್ಸ್ ಕೆಸರು ಬಂದು ಹರಿವು ನಿಂತಿತು. ಅಲ್ಲಿಗೇ ಬಿಟ್ಟೆ. ತಳದಲ್ಲಿ ಉಳಿದ ಬಿಯರಿಗೆ ಆಸೆಪಟ್ಟರೆ ಬಾಟಲಿಗಳೆಲ್ಲ ಚೂರುಮಯವಾಗುತ್ತವೆ. ಆ ಚೂರುಗಳಿಂದಲೇ ಬಾಟಲಿ ತೆರೆದಾಗ ನೊರೆ ಉಕ್ಕುತ್ತದೆ. 20 ಲೀಟರಿನಲ್ಲಿ ಕೈಗೆ ಸಿಕ್ಕಿದ್ದು 17.5. ಹಾಪ್ಸ್ ತಾನು ಕುಡಿಯುವುದನ್ನು ಕುಡಿದೇ ತೀರುತ್ತದೆ, ರೆಸಿಪಿಯನ್ನೇ ಸ್ವಲ್ಪ ದೊಡ್ಡದಾಗಿ ಇಟ್ಟುಕೊಳ್ಳಿ.

ಬಾಟಲಿಯಲ್ಲಿ ಗ್ಯಾಸ್ ಕಟ್ಟಲು ಸೇರಿಸುವ ಪ್ರೈಮಿಂಗ್ ಸಕ್ಕರೆಯ ಲೆಕ್ಕದಲ್ಲಿ ಬಹಳ ಜನ ಗೊಂದಲಕ್ಕೆ ಬೀಳುವ ಜಾಗವೊಂದಿದೆ. ಲೆಕ್ಕ ಹಾಕುವ ತಂತ್ರಾಂಶ ಬಿಯರಿನ ಉಷ್ಣತೆ ಕೇಳುತ್ತದೆ. ಅಲ್ಲಿ ಫ್ರಿಜ್ಜಿನ 3 ಡಿಗ್ರಿ ಹಾಕಬಾರದು. ಹುದುಗುವಿಕೆ ಮುಗಿಯುವ ಹೊತ್ತಿಗೆ ಬಿಯರ್ ತಲುಪಿದ್ದ ಅತಿ ಹೆಚ್ಚಿನ ಉಷ್ಣತೆ ಹಾಕಬೇಕು. ನನ್ನದು 20. ಆಗ ಬಿಯರ್‌ನಲ್ಲಿ ಕರಗಿ ಉಳಿದಿರುವುದು ಸುಮಾರು 0.85 ವಾಲ್ಯೂಮ್. 2.4ಕ್ಕೆ ಬೇಕಾದ ಉಳಿದದ್ದಕ್ಕೆ ಲೀಟರಿಗೆ 6 ಗ್ರಾಂ ಸಕ್ಕರೆ, ಒಟ್ಟು 105 ಗ್ರಾಂ. ಸ್ವಲ್ಪ ನೀರಿನಲ್ಲಿ ಕುದಿಸಿ, ತಣಿಸಿ ಬೆರೆಸಿದೆ. ಮೊದಲ ವಾರ ಬಾಟಲಿಗಳನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟೆ. ಒಂದನ್ನು ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲಿ ತುಂಬಿದ್ದೆ, ಹೊರಗಿನಿಂದ ಒತ್ತಿ ನೋಡಿದರೆ ಒಳಗಿನ ಒತ್ತಡ ತಿಳಿಯುತ್ತದೆ. ಇದನ್ನು ಎಲ್ಲರೂ ಮಾಡಲೇಬೇಕು.

ಮನೆಯಲ್ಲಿ ನಾಯಿ ಇರುವವರು ತಳದ ಹಾಪ್ಸ್ ಕೆಸರನ್ನು ಎಲ್ಲೆಂದರಲ್ಲಿ ಚೆಲ್ಲಬೇಡಿ. ಹಾಪ್ಸ್ ನಾಯಿಗಳಿಗೆ ವಿಷ. ತಿಂದರೆ ಮೈಯುಷ್ಣ ವಿಪರೀತ ಏರಿ ಸಾಯಲೂಬಹುದು. ಬಿಗಿಯಾಗಿ ಕಟ್ಟಿ, ನಾಯಿಗೆ ಸಿಗದ ಕಸದ ಡಬ್ಬಿಗೆ ಹಾಕಿ.

ರುಚಿಯ ಮಾತು. ಗ್ಲಾಸಿಗೆ ಸುರಿದ ಕೂಡಲೇ ಮಾವು ಮತ್ತು ಕಿತ್ತಳೆ ಸಿಪ್ಪೆ ಮೂಗಿಗೆ ಬಂತು. ನಾಲಿಗೆಗೆ ನಾನು ಅಂದುಕೊಂಡಿದ್ದಕ್ಕಿಂತ ಹಗುರ, ಸಿಹಿ ಕಡಿಮೆ. ಕ್ರೀಪ್‌ನಲ್ಲಿ ಡೆಕ್ಸ್‌ಟ್ರಿನ್‌ಗಳು ಕರಗಿಹೋದದ್ದರ ಪರಿಣಾಮ ಅದು. ಹೆದರಿದ್ದ ಹುಲ್ಲಿನ ರುಚಿ ತೀರಾ ಹುಡುಕಿದರೆ ಕೊನೆಯಲ್ಲಿ ಒಂದಿಷ್ಟು ಸಿಗುತ್ತದೆ, ಅಷ್ಟೇ. ಗ್ಯಾಸ್ ಸರಿಯಾಗಿ ಕಟ್ಟಿದ ಮೇಲೆ ಬಾಟಲಿಗಳನ್ನೆಲ್ಲ ಫ್ರಿಜ್‌ಗೆ ಸೇರಿಸಿದ್ದೇನೆ. ಈ ಪರಿಮಳ ಹೆಚ್ಚು ದಿನ ನಿಲ್ಲುವಂಥದ್ದಲ್ಲ, ತಣ್ಣಗಿಟ್ಟು ಬೇಗ ಕುಡಿದು ಮುಗಿಸಬೇಕು.

ಮುಂದಿನ ಸಲ ಹಾಪ್ಸ್ ಹಾಕುವ ಮೊದಲು ಬಿಯರನ್ನು 14 ಡಿಗ್ರಿಗೆ ಇಳಿಸಿ ಯೀಸ್ಟ್ ತಳ ಸೇರಿಸಿದರೆ ಕ್ರೀಪ್ ಕಡಿಮೆಯಾಗುತ್ತದಲ್ಲ ಎಂದು ಗೆಳೆಯನನ್ನು ಕೇಳಿದೆ. ಕೆಗ್‌ಗೆ (ಲೋಹದ ಪೀಪಾಯಿಗೆ) ತುಂಬಿ ಸದಾ ಫ್ರಿಜ್‌ನಲ್ಲಿಡುವವರಿಗೆ ಅದು ಒಳ್ಳೆಯ ದಾರಿ ಎಂದ. ಆದರೆ ತಂಪಿನಲ್ಲಿ ಕಿಣ್ವಗಳ ಕೆಲಸ ನಿಧಾನವಾಗುತ್ತದೆಯೇ ಹೊರತು ಅವು ನಾಶವಾಗುವುದಿಲ್ಲ. ಬಾಟಲಿಗೆ ತುಂಬಿ ಗ್ಯಾಸ್ ಕಟ್ಟಲೆಂದು ಬೆಚ್ಚಗಿಟ್ಟಾಗ ಅವು ಮತ್ತೆ ಕೆಲಸಕ್ಕೆ ಇಳಿಯುತ್ತವೆ, ಆಗ ಗ್ಯಾಸ್ ಹೋಗಲು ಏರ್‌ಲಾಕ್ ಇರುವುದಿಲ್ಲ. ಹಾಗಾಗಿ ಬಾಟಲಿಯಲ್ಲೇ ಗ್ಯಾಸ್ ಕಟ್ಟುವ ನನ್ನಂಥವರು ಕ್ರೀಪನ್ನು ಫರ್ಮೆಂಟರ್‌ನಲ್ಲೇ, ಬೆಚ್ಚಗೆ, ಪೂರ್ತಿ ಮುಗಿಸಿಕೊಳ್ಳಬೇಕು. ಮುಂದಿನ ಬ್ಯಾಚ್‌ಗೂ ಹೀಗೇ ಮಾಡುತ್ತೇನೆ. ಹಾಪ್ಸನ್ನು ಮಾತ್ರ ಲೀಟರಿಗೆ 5 ಗ್ರಾಂಗೆ ಇಳಿಸಿ, ಚೀಲದಲ್ಲಿ ಸಡಿಲವಾಗಿ ತುಂಬಿ, ಮೂರನೇ ದಿನ ಎತ್ತಿ ತೆಗೆಯುವ ಯೋಚನೆಯಿದೆ.